ಅದಲುಬದಲಾದ ಎದೆಯ ಚಿತ್ರ

ತಂಗಿಯ ಪಾದದ ಮೇಲೆ, ಹೆಣಕ್ಕೆ ಸುತ್ತುವ ತೊಗಟೆಬಟ್ಟೆ ಎಳೆದು ಸಿಕ್ಕಿಸುತ್ತಿದ್ದ ಬಬಿರ್ಯೆಯ ಕೈಯನ್ನು ನಲುಬೆಗಾ ಆಚೆ ಸರಿಸಿದಳು. ತೀರಿಕೊಂಡವಳ ನಾದಿನಿ ಅವಳು, ಬಾಯಿ ಜೋರು.

“ಸಾಕು ಬಿಡಮ್ಮ. ಬದುಕಿದ್ದಾಗ ಕೊಟ್ಟಿದ್ದೇ ಸಾಕಾಯ್ತು.”

ಕೊಟ್ಟಿದ್ದು ಕ್ಷಯ ಎಂದು ಅಂಗಳದಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಬಬಿರ್ಯೆ ಮಾತ್ರೆ ನುಂಗಿ ಉಳಿದುಕೊಂಡಳು, ಅವಳ ಸೇವೆ ಮಾಡಿದ ಅವಳಿ ತಂಗಿ ನಕಾಟೊ ಹೋದಳು. ಅಲ್ಲಿಯ ವಾಡಿಕೆಯಲ್ಲಿ ಅವಳಿಗಳನ್ನು ಸತ್ತರು ಅನ್ನಬಾರದು, ಹಾರಿಹೋದರು ಅನ್ನಬೇಕು. ಎಲ್ಲರೂ ಹಾಗೇ ಅನ್ನುತ್ತಿದ್ದರು. ಹಾರುವಷ್ಟು ಹಗುರವಾಗಿಯೇ ಇದ್ದಳು ಪಾಪ, ಮೂಳೆ ಚರ್ಮ ಬಿಟ್ಟರೆ ಏನೂ ಉಳಿದಿರಲಿಲ್ಲ.

“ಮಗು ನಂಕ್ಯಾನ ನಾನು ಸಾಕ್ತೀನಿ ಅಕ್ಕ,” ಎಂದಳು ಬಬಿರ್ಯೆ. “ ಅದಕ್ಕೆ ಅಪ್ಪನೂ ಇಲ್ಲ. ನಕಾಟೊ ನನ್ನ ಕೈ ಹಿಡಿದು ಕೇಳ್ಕೊಂಡಿದಾಳೆ.”

“ನಿನ್ನ ಮನೇಲಾ? ತಾಯಿನ ನುಂಗಿದ್ದು ಸಾಲ್ದಾ?”

ನಕಾಟೊಳ ಮಗು ಸೋದರತ್ತೆ ನಲುಬೆಗಾಳ ಸೆರಗಿನ ಹಿಂದೆ ನಿಂತು ನೋಡುತ್ತಿತ್ತು.

*

ಹೋದ ವರ್ಷ ಕೆಮ್ಮುತ್ತಿದ್ದವಳು ನಕಾಟೊ. ಒಂದೇ ಮನೆಯವರೆಂದು ಡಾಕ್ಟರು ಇಬ್ಬರಿಗೂ ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಆಸ್ಪತ್ರೆಯ ಯಂತ್ರ ಕೆಟ್ಟಿತ್ತು. ಪೇಟೆಯಲ್ಲಿ ತೆಗೆಸಿದ ಚಿತ್ರಗಳು ಡಿಸ್ಕಿನಲ್ಲಿ ಬಂದವು. ಅವನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಹಾಕುವವನು ಸೆಬುನ್ಯಾ.

“ಕೆಮ್ಮೋದು ಇವಳು, ಡಾಕ್ಟ್ರೇ,” ಎಂದಿದ್ದಳು ಬಬಿರ್ಯೆ, ಮಾತ್ರೆಯನ್ನು ತನ್ನ ಕೈಗಿಟ್ಟಾಗ.

“ಚಿತ್ರ ನನ್ನ ಕಣ್ಣ ಮುಂದಿದೆ. ಇವರ ಎದೆ ಶುದ್ಧವಾಗಿದೆ. ನಿಮ್ಮದಕ್ಕೇ ತೂತು ಬಿದ್ದಿರೋದು.”

ಮಾತ್ರೆ ನುಂಗಿ ಬಬಿರ್ಯೆ ವಾಂತಿ ಮಾಡಿಕೊಂಡು ಮಲಗಿದಳು. ನಕಾಟೊ ರಾಗಿ ಗಂಜಿ ಕಾಸಿ ತಂದು, ಬಾಗಿಲ ಚೌಕಟ್ಟು ಹಿಡಿದು ಕೆಮ್ಮಿ, ನಕ್ಕಳು.

“ನೀನು ಆರಾಮಾಗಿ ಮಲಕ್ಕೋ. ನಿನ್ನ ಪಾಲಿನ ಕೆಮ್ಮು ನಾನೇ ಕೆಮ್ತೀನಿ.”

*

ಗುಂಡಿ ತೋಡುವವರು ಬಾಳೆತೋಟಕ್ಕಿಳಿದ ಹೊತ್ತಿಗೆ ಸೆಬುನ್ಯಾ ಮೋಟರ್‌ಸೈಕಲ್ಲಿನಲ್ಲಿ ಬಂದ. ಬಬಿರ್ಯೆಯನ್ನು ಮನೆಯ ಹಿಂದಕ್ಕೆ ಕರೆದ.

“ಅಮ್ಮಾ, ನಿಮ್ಮ ಪಕ್ಕೆಲುಬು ಯಾವತ್ತಾದ್ರೂ ಮುರಿದಿತ್ತಾ?”

“ಚಿಕ್ಕವಳಿದ್ದಾಗ. ಮಾವಿನ ಮರದಿಂದ ಬಿದ್ದಿದ್ದೆ.”

ಅವನು ನೆಲ ನೋಡಿದ. “ಮುರಿದು ಕೂಡಿದ ಪಕ್ಕೆಲುಬು ನಕಾಟೊ ಹೆಸರಿನ ಚಿತ್ರದಲ್ಲಿದೆ. ಪೇಟೆಯವರು ಎರಡಕ್ಕೂ ನಲ್ವೋಗಾ ಅಂತ ಮನೆತನದ ಹೆಸರಷ್ಟೇ ಹಾಕಿದ್ರು. ಹುಟ್ಟಿದ ದಿನಾನೂ ಒಂದೇ. ಯಾವುದು ಯಾರದು ಅಂತ ಕಂಪ್ಯೂಟರ್ ಕೇಳ್ತು. ಪೇಟೆಗೆ ಫೋನ್ ಮಾಡಿ ಕೇಳ್ಬೇಕಿತ್ತು. ಅಂದಾಜಿನ ಮೇಲೆ ಒತ್ತಿಬಿಟ್ಟೆ.”

ತಂಗಿಯ ಔಷಧವನ್ನು ತಾನು ನುಂಗಿದ್ದಳು. ಬಬಿರ್ಯೆಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ ಮಗು ಬೇಕಿತ್ತು.

“ಇದನ್ನೇ ಅಲ್ಲಿ ಬಂದು ಹೇಳಿ. ನಾನು ಅಂಟಿಸಿಲ್ಲ ಅಂತ ಹೇಳಿ, ಸಾಕು.”

“ಹೇಳ್ತೀನಿ,” ಎಂದ. ಹಿಂದೆಯೇ ನಡೆದು ಬಂದ ಕೂಡ.

“ನಲುಬೆಗಾ ಅಕ್ಕ, ಇವರು ಆಸ್ಪತ್ರೆಯವರು. ಇವರ ಮಾತು ಕೇಳು.”

ಅಂಗಳದವರೆಲ್ಲ ಇತ್ತ ತಿರುಗಿದರು. ಸೆಬುನ್ಯಾ ಟೋಪಿ ತೆಗೆದ. ಅಷ್ಟು ಮುಖಗಳನ್ನು ನೋಡಿ ಗಂಟಲು ಸರಿಮಾಡಿಕೊಂಡ.

“ಆಸ್ಪತ್ರೆಯ ಪರವಾಗಿ ಬಂದಿದ್ದೀನಿ. ನಕಾಟೊ ಬಹಳ ಒಳ್ಳೆಯವರು. ದೇವರು ನಿಮಗೆ ಧೈರ್ಯ ಕೊಡಲಿ.”

“ಇದೇನಾ ಮಾತು?” ನಲುಬೆಗಾ ಬಬಿರ್ಯೆಯತ್ತ ತಿರುಗಿದಳು.

ಅವನು ಆಗಲೇ ಮೋಟರ್‌ಸೈಕಲ್ಲಿನತ್ತ ಹೊರಟಿದ್ದ. “ಚಿತ್ರ ಅದಲುಬದಲಾಗಿತ್ತು, ರೋಗ ನಕಾಟೊಗೇ ಇತ್ತು,” ಎಂದು ಬಬಿರ್ಯೆ ಕೂಗಿ ಹೇಳಿದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು.

ಮಣ್ಣು ಮುಚ್ಚಿ ಎಲ್ಲರೂ ಮೇಲೆ ಬಂದಾಗ ನಲುಬೆಗಾ ಮಗುವಿನ ಗಂಟು ಕಟ್ಟಿ ನಿಂತಿದ್ದಳು. ಬಬಿರ್ಯೆ ಮೊಣಕಾಲೂರಿ ಎರಡೂ ಕೈ ಚಾಚಿದಳು. ಅದೇ ಮುಖ, ಅದೇ ಕಣ್ಣು. ನಂಕ್ಯಾ ಅಮ್ಮನನ್ನೇ ಕಂಡಂತೆ ಎರಡು ಹೆಜ್ಜೆ ಓಡಿ ಬಂದಳು. ಆಮೇಲೆ ಅತ್ತೆ ಹೇಳಿಕೊಟ್ಟದ್ದು ನೆನಪಾಗಿ, ನಿಂತು, ಲಂಗದ ಅಂಚನ್ನೆತ್ತಿ ಮೂಗು ಬಾಯಿ ಮುಚ್ಚಿಕೊಂಡಳು.