ಬೂದು ಮೊಲದ ಬಿಳಿ ಮರಿ

ಬೀದಿಯ ಕೊನೆಯ ಮನೆಯ ಹೆಂಗಸನ್ನು ಎಲ್ಲರೂ ಮೊಲದಮ್ಮ ಎನ್ನುತ್ತಿದ್ದರು. ಹಿತ್ತಿಲಲ್ಲಿ ಇಪ್ಪತ್ತು ಗೂಡು, ಪ್ರತಿ ಗೂಡಿಗೂ ಮರಿಗಳ ಅಪ್ಪ ಯಾರು, ಅಮ್ಮ ಯಾರು ಎಂದು ಬರೆದ ಚೀಟಿ. ಮೊಲದ ವಂಶ ಅವಳಿಗೆ ಬಾಯಿಪಾಠ. ಮನುಷ್ಯರ ವಂಶದ ಮಾತು ಬಂದಾಗ ಮಾತ್ರ ಅವಳದು ಎಲುಬಿಲ್ಲದ ನಾಲಿಗೆ.

ಸೊಸೆ ಹೆತ್ತ ಹೆಣ್ಣುಮಗುವಿನ ಕೂದಲು, ರೆಪ್ಪೆ, ಮೈ ಎಲ್ಲ ಬೆಳ್ಳಗಿತ್ತು. ಅಪ್ಪ ಅಮ್ಮ ಇಬ್ಬರೂ ಕಪ್ಪು. ಬೀದಿಯವರು ಬಾಯಿ ತೆರೆಯುವ ಮೊದಲೇ ಮೊಲದಮ್ಮ ನಲ್ಲಿಯ ಹತ್ತಿರ, ಕೊಡ ಹಿಡಿದು ನಿಂತ ಹತ್ತು ಹೆಂಗಸರ ಮುಂದೆ, ನಮ್ಮ ವಂಶದಲ್ಲಿ ಏಳು ತಲೆಮಾರಿನಿಂದ ಇಂಥದ್ದಿಲ್ಲ, ಎಲ್ಲಿಂದ ತಂದಳೋ ಅವಳನ್ನೇ ಕೇಳಿ ಎಂದುಬಿಟ್ಟಳು. ಮಗ ವೆಲ್ಡಿಂಗ್ ಅಂಗಡಿಯವನು. ಕಬ್ಬಿಣ ಬಗ್ಗಿಸುವ ಗಂಡಸು ತಾಯಿಯ ಮುಂದೆ ತಾನೇ ಬಗ್ಗಿ ನಿಂತ. ಸೊಸೆ ಮೂರು ವಾರದ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು.

ಮುಂದಿನ ತಿಂಗಳು ಲಸಿಕೆ ಹಾಕುವ ನರ್ಸಮ್ಮ ಬಂದಾಗ ತೊಟ್ಟಿಲು ಅಟ್ಟ ಸೇರಿತ್ತು. ಮಗು ಎಲ್ಲಿ ಎಂದದ್ದಕ್ಕೆ ಮೊಲದಮ್ಮ ಅದೇ ಏಳು ತಲೆಮಾರಿನ ಪುರಾಣ ಬಿಚ್ಚಿದಳು. ನರ್ಸಮ್ಮ ವಾದಕ್ಕಿಳಿಯದೆ ಹಿತ್ತಿಲಿಗೆ ಹೋಗಿ ಗೂಡುಗಳನ್ನು ನೋಡಿದಳು. ಒಂದರಲ್ಲಿ ಆರು ಬೂದು ಮರಿಗಳ ನಡುವೆ ಒಂದು ಅಚ್ಚ ಬಿಳಿ ಮರಿ ಇತ್ತು.

"ಇದರಪ್ಪ ಬಿಳೀದಾ?"

"ಅಪ್ಪನೂ ಬೂದು, ಅಮ್ಮನೂ ಬೂದು. ಇಬ್ಬರ ಒಳಗೂ ಬಿಳಿ ಅಡಗಿ ಕೂತಿರುತ್ತೆ ನರ್ಸಮ್ಮ. ಎರಡೂ ಕಡೇದು ಒಂದೇ ಮರಿಗೆ ಸೇರಿದ್ರೆ ಹೊರಗೆ ಬರುತ್ತೆ."

"ಹಾಗಾದ್ರೆ ತಪ್ಪು ಹೆಣ್ಣುಮೊಲದ್ದು?"

"ಅದೊಂದರ ಕೈಲಿ ಏನಾಗುತ್ತೆ? ಗಂಡೂ ಕೊಟ್ಟಿರಲೇಬೇಕು."

ಮನುಷ್ಯರಲ್ಲೂ ಹೀಗೇ ಎಂದು ನರ್ಸಮ್ಮ ಬಿಡಿಸಿ ಹೇಳಿದಳು. ಮಗುವಿಗೆ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು. ಬಣ್ಣ ಕೊಡುವ ಪಾಲು ಒಂದಿದ್ದರೂ ಮೈಗೆ ಬಣ್ಣ ಬರುತ್ತದೆ, ಅದು ಪ್ರಬಲ ಗುಣ. ಬಣ್ಣ ಕೊಡದ ಪಾಲು ದುರ್ಬಲ ಗುಣ, ಪ್ರಬಲ ಗುಣದ ಹಿಂದೆ ತಲೆಮಾರುಗಟ್ಟಲೆ ಅಡಗಿರುತ್ತದೆ. ಅಂಥ ಅಡಗಿದ ಗುಣವಿರುವ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಬಿಳಿ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು.

"ನಿಮ್ಮ ಮಗನೂ ಕೊಟ್ಟಿದ್ದಾನೆ ಅಮ್ಮಾ. ಅವನಿಗೆ ನಿಮ್ಮಿಂದಲೋ ನಿಮ್ಮ ಯಜಮಾನರಿಂದಲೋ ಬಂದಿರುತ್ತೆ."

ಮೊಲದಮ್ಮ ಹುಲ್ಲಿನ ಬುಟ್ಟಿ ಕೆಳಗಿಟ್ಟಳು. ಅವಳಿಗೊಬ್ಬ ಅಕ್ಕ ಇದ್ದಳು, ಮೈಯೆಲ್ಲ ಬೆಳ್ಳಗೆ, ಬೆಳಕಿಗೆ ಕಣ್ಣು ಬಿಡಲಾಗದವಳು. ಅವಳನ್ನು ಕಂಡರೆ ತಂಗಿಗೆ ಗಂಡು ಸಿಗುವುದಿಲ್ಲವೆಂದು ಹೆತ್ತವರು ಅಕ್ಕನನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟರು. ಅವಳು ಅಲ್ಲೇ ಬೆಳೆದು ಅಲ್ಲೇ ಸತ್ತಳು. ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗಲೇ ಮೊಲದಮ್ಮನಿಗೆ ಅಕ್ಕನ ಗುರುತು ಸಿಕ್ಕಿತ್ತು. ಬೆರಳು ತನ್ನ ಕಡೆ ತಿರುಗೀತೆಂಬ ಹೆದರಿಕೆಗೆ ಸೊಸೆಯ ಕಡೆ ತೋರಿಸಿದ್ದಳು.

ಮರುದಿನ ಮಗನನ್ನು ಕರೆದುಕೊಂಡು ಸೊಸೆಯ ತವರಿಗೆ ಹೋಗಿ ಎಲ್ಲವನ್ನೂ ಹೇಳಿ ಅತ್ತಳು. ಸೊಸೆ ಕೂತು ಕೇಳಿದಳು. ಮಗುವಿಗೆ ಅಗಲ ಅಂಚಿನ ಟೋಪಿ ಹಾಕಿದ್ದಳು, ಕಣ್ಣಿನ ಡಾಕ್ಟರಿಗೂ ತೋರಿಸಿಯಾಗಿತ್ತು.

"ನಲ್ಲಿ ಹತ್ರ ಆಡಿದ ಮಾತನ್ನ ನಲ್ಲಿ ಹತ್ರನೇ ವಾಪಸ್ ತಗೊಳ್ಳಿ ಅತ್ತೆ, ನನ್ನ ಮಗಳಿಗೋಸ್ಕರ. ನಾನು ಮಾತ್ರ ಬರಲ್ಲ. ಮೊಲಕ್ಕೆ ಕೊಟ್ಟ ನ್ಯಾಯಾನೂ ನೀವು ನನಗೆ ಕೊಡಲಿಲ್ಲ."

ಗಂಡ ಏನೋ ಹೇಳಲು ಹೋದ. ಅವಳು ಅವನತ್ತ ನೋಡಲೂ ಇಲ್ಲ.

ಈಗ ನೀರು ಬಂದಾಗಲೆಲ್ಲ ಮೊಲದಮ್ಮ ನಲ್ಲಿಯ ಹತ್ತಿರ ನಿಂತು ಅಕ್ಕನ ಕಥೆ ಹೇಳುತ್ತಾಳೆ. ಕೆಲವರು ಕೇಳುತ್ತಾರೆ, ಕೆಲವರು ಕೊಡ ತುಂಬಿದೊಡನೆ ಹೊರಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕೇಳುತ್ತಿರುವ ಅತ್ತೆಯರೇ, ಗಂಡಂದಿರೇ, ಮಗು ಬೆಳ್ಳಗೆ ಹುಟ್ಟಿದರೆ ತಾಯಿಯನ್ನು ಅನುಮಾನಿಸಬೇಡಿ. ಆ ಮಗುವನ್ನು ಬಿಸಿಲಿನಿಂದ ಕಾಪಾಡಿ, ಕಣ್ಣು ತೋರಿಸಿ, ಶಾಲೆಯಲ್ಲಿ ಬೋರ್ಡು ಕಾಣುವಂತೆ ಮುಂದಿನ ಬೆಂಚಿನಲ್ಲಿ ಕೂರಿಸಿ. ನಿಮ್ಮ ಮನೆಯವರೂ ಯಾರನ್ನಾದರೂ ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟಿದ್ದರೆ ಅವರ ವಿಷಯವನ್ನು ಮಕ್ಕಳಿಗೆ ಇವತ್ತೇ ಹೇಳಿ. ಮೊಲದಮ್ಮನೂ ಹೇಳಿದಳು, ಆದರೆ ತೊಟ್ಟಿಲು ಇನ್ನೂ ಅಟ್ಟದ ಮೇಲೇ ಇದೆ.