ಕದಲದ ಚುಕ್ಕಿಗಳು

"ಬರೀ ಶೀತ ಕಣೇ, ಸುಮ್ನೆ ಗಾಬರಿ ಆಗ್ಬೇಡ" ಎನ್ನುತ್ತಲೇ ಅಣ್ಣ ಅಪ್ಪನನ್ನು ಎದೆರೋಗದ ವಾರ್ಡಿಗೆ ಕರೆತಂದ. ಅಪ್ಪ ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು. ಅಲ್ಲಿ ಡಾಕ್ಟರಾಗಿದ್ದ ಮಗಳು ಅಣ್ಣನ ಮಾತಿಗೆ ಸೊಪ್ಪು ಹಾಕದೆ ಅಲ್ಟ್ರಾಸೌಂಡ್ ಯಂತ್ರವನ್ನು ಪರದೆಯ ಮರೆಗೆ ತಳ್ಳಿಕೊಂಡು ಬಂದಳು.

"ಅಂಗಿ ತೆಗೆದು ಸ್ಟೂಲ್ ಮೇಲೆ ಕೂತ್ಕೊಳ್ಳಿ ಅಪ್ಪ. ಬೆನ್ನು ಈ ಕಡೆ."

ಅವಳು ಮುಂದಿನ ಮಾತು ಹೇಳುವ ಮೊದಲೇ ಅಪ್ಪ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಯಿಸಿ, ತಮ್ಮ ಭುಜಗಳನ್ನು ತಾವೇ ತಬ್ಬಿಕೊಂಡು, ತಲೆ ಬಗ್ಗಿಸಿ, ಬಾಯಿಂದ ಮೆಲ್ಲನೆ ಉಸಿರು ಬಿಟ್ಟರು. ಜಾಣ ಪೇಷೆಂಟು ಎಂದುಕೊಂಡು ಅವಳು ನಕ್ಕಳು. ಪಾಪ, ನಗಲಿ, ಆ ನಗು ಹೆಚ್ಚು ಹೊತ್ತಿನದಲ್ಲ.

ಮೈಮೇಲೆ ಆಡಿಸುವ ಪ್ರೋಬಿಗೆ ಜೆಲ್ ಹಚ್ಚಿ ಬಲಬೆನ್ನಿನ ಕೆಳಗಿಟ್ಟಳು. ಯಂತ್ರದ ತೆರೆಯ ಮೇಲೆ ಬೂದು ಬಣ್ಣದ ಲಿವರ್ ಮೂಡಿತು. ಹೊಸಬರಾಗಿದ್ದರೆ, ಲಿವರ್ ದೊಡ್ಡದಿದೆ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅವಳಿಗೆ ಕಲಿಸಿದ ಮೇಷ್ಟ್ರು ಹಾಗೆ ಬಿಟ್ಟವರಲ್ಲ. "ಮೊದ್ಲು ವಪೆ ಹುಡುಕಮ್ಮ. ಎದೆಗೂ ಹೊಟ್ಟೆಗೂ ನಡುವಿನ ಗೋಡೆ ಅದು. ಗೋಡೆಯಿಂದ ಮೇಲೂ ಲಿವರ್ ಕಂಡ್ರೆ ಅದು ಲಿವರ್ ಅಲ್ಲ, ಗಟ್ಟಿಯಾದ ಶ್ವಾಸಕೋಶ" ಎಂದು ತಲೆಗೆ ತುಂಬಿದ್ದರು. ವಪೆಯ ಬಿಳಿ ಗೆರೆ ಸಿಕ್ಕಿತು. ಅದರ ಮೇಲೂ ಅದೇ ಬೂದು. ಗಾಳಿ ತುಂಬಿದ ಶ್ವಾಸಕೋಶ ಹೀಗೆ ಮೈ ತೋರಿಸುವುದೇ ಇಲ್ಲ.

ನ್ಯುಮೋನಿಯಾ ಆಗಿರಲಿ ದೇವರೇ, ಅದಾದರೆ ಮದ್ದಿಗೆ ವಾಸಿಯಾಗುತ್ತದೆ ಎಂದು ಬೇಡಿಕೊಂಡಳು. ಯಾವ ಮಗಳೂ ಬೇಡದ ವರ! ಗಟ್ಟಿಯಾದ ಭಾಗದ ನಡುವೆ ಬಿಳಿ ಚುಕ್ಕಿಗಳಿದ್ದವು, ಶ್ವಾಸನಾಳಗಳಲ್ಲಿ ಉಳಿದ ಗಾಳಿ. ನ್ಯುಮೋನಿಯಾ ಆದರೆ ಉಸಿರಿನ ಜೊತೆ ಅವು ಸಾಮಾನ್ಯವಾಗಿ ಹರಿದಾಡುತ್ತವೆ.

"ಉಸಿರು ಎಳ್ಕೊಳ್ಳಿ ಅಪ್ಪ. ಇನ್ನೊಂದ್ಸಲ."

ಊಹೂಂ, ಚುಕ್ಕಿಗಳು ಕದಲಲಿಲ್ಲ. ದಾರಿಗೆ ಏನೋ ಅಡ್ಡ ಕೂತಿದೆ. ಅಪ್ಪನ ವಯಸ್ಸಿಗೆ, ಅಪ್ಪ ಸೇದಿದ ಸಿಗರೇಟಿಗೆ, ಅದು ಗಡ್ಡೆಯೇ ಇರಬೇಕು.

ಆಗ ಅವಳ ಕಣ್ಣು ಅಪ್ಪನ ಕೈಗಳ ಮೇಲೆ ಬಿತ್ತು. ಬೇರೆ ಡಾಕ್ಟರುಗಳು ಕೈ ಎತ್ತಿ ತಲೆ ಮೇಲಿಡಿ ಎನ್ನುತ್ತಾರೆ. ನಿಮ್ಮನ್ನು ನೀವೇ ತಬ್ಬಿಕೊಳ್ಳಿ, ತಲೆ ಬಗ್ಗಿಸಿ, ಬಾಯಲ್ಲಿ ಉಸಿರು ಬಿಡಿ ಎನ್ನುವವರು ಊರಿನಲ್ಲಿ ಇಬ್ಬರೇ: ನಿವೃತ್ತಿಯಾದ ಮೇಲೆ ಕ್ಲಿನಿಕ್ ಇಟ್ಟುಕೊಂಡ ಮೇಷ್ಟ್ರು, ಅವರಿಂದ ಕಲಿತ ಅವಳು. ಅಪ್ಪ ಹಾಗೆ ಕೂತಾಗ ಅವಳಿನ್ನೂ ಅದನ್ನು ಹೇಳಿಯೇ ಇರಲಿಲ್ಲ.

"ಮೇಷ್ಟ್ರ ಹತ್ರ ಯಾವಾಗ ಹೋಗಿದ್ರಿ?"

ಅಣ್ಣ ಗೋಡೆ ನೋಡುತ್ತ, "ಬೇಸಿಗೇಲಿ... ಅಪ್ಪನೇ ಆಣೆ ಮಾಡಿಸ್ಕೊಂಡ್ರು. ನಿಂಗೆ ಗೊತ್ತಾದ್ರೆ ಆಪರೇಷನ್ ಮಾಡಿಸ್ದೆ ಬಿಡಲ್ಲ ಅಂತ" ಎಂದ.

"ಬಿಡ್ತಿರ್ಲಿಲ್ಲ! ಆಗ ಆಪರೇಷನ್ ಮಾಡ್ಬಹುದಿತ್ತೇನೋ ಕಣೋ!"

ದಿನಾ ಫೋನು ಮಾಡಿದ್ದಳು. ಚೆನ್ನಾಗಿದ್ದೀನಮ್ಮ ಎಂದು ಅಪ್ಪ ಹೇಳಿದರೆ ಅಣ್ಣ ಹಿಂದಿನಿಂದ ಹೂಂಗುಟ್ಟುತ್ತಿದ್ದ. ಊರವರ ಎದೆಯನ್ನೆಲ್ಲ ನೋಡುವವಳ ಕಣ್ಣಿಗೆ ಮನೆಯವರೇ ಮಣ್ಣೆರಚಿದ್ದರು. ಆದರೆ ಮೇಷ್ಟ್ರು? ಇಲ್ಲ, ಇವರು ಯಾರ ಅಪ್ಪನೆಂದು ಅವರಿಗೆ ತಿಳಿದಿರಲಿಕ್ಕಿಲ್ಲ. ಮೊನ್ನೆ ಮೊನ್ನೆ ಜೊತೆಯಲ್ಲಿ ಕಾಫಿ ಕುಡಿಯುವಾಗ, ಮನೇಲೆಲ್ಲ ಚೆನ್ನಾಗಿದ್ದಾರಾ ಎಂದು ಕೇಳಿದ್ದರಲ್ಲ. ಆ ಒಂದು ಆಸೆ ಹಿಡಿದುಕೊಂಡು ಅವರಿಗೆ ಫೋನು ಮಾಡಿದಳು.

ಅವಳು ತುಟಿ ಬಿಚ್ಚುವ ಮೊದಲೇ ಆ ಕಡೆಯಿಂದ ದನಿ ಬಂತು: "ಅಪ್ಪ ಬಂದ್ರೇನಮ್ಮಾ?"

ಬೆನ್ನಿನ ಮೇಲೆ ಜೆಲ್ ಒಣಗುತ್ತಿತ್ತು. ಕೈ ಇಳಿಸಿ ಎಂದು ಯಾರೂ ಹೇಳದ್ದರಿಂದ ಅಪ್ಪ ಇನ್ನೂ ತಬ್ಬಿಕೊಂಡೇ ಇದ್ದರು.

"ಬಂದ್ರು ಸರ್" ಎಂದಳು. "ನೀವು ಹೇಳ್ಕೊಟ್ಟ ಹಾಗೇ ಕೂತಿದ್ದಾರೆ."