ದಡದ ಸೀಟಿ

ವ್ಯಾನಿನಿಂದ ಹೂಗುಚ್ಛಗಳನ್ನು ಇಳಿಸುತ್ತಿದ್ದ, ತೀರಿಕೊಂಡವರ ಮಗಳ ಮೊಣಕೈಯನ್ನು ಎಂಜಿನಕ್ಕ ಗಟ್ಟಿಯಾಗಿ ಹಿಡಿದುಕೊಂಡಳು.

“ಗೇಟಿನ ಹತ್ರ ನೋಡು, ಕಂದು ಕೋಟಿನವರು. ಒಳಗೆ ಬಂದ್ರೆ ಕೂರಿಸು, ಚಹಾ ಕೊಡು. ನೀರಿನ ಕಡೆ ಮಾತ್ರ ಬಿಡಬೇಡ.”

ಬೆಳಿಗ್ಗೆ ಅಪ್ಪನನ್ನು ಮಣ್ಣು ಮಾಡಿ ಎಲ್ಲರೂ ನೇರ ಕ್ಲಬ್ಬಿಗೆ ಬಂದಿದ್ದರು. ಸದಸ್ಯರಲ್ಲಿ ಯಾರೇ ತೀರಿಕೊಂಡರೂ ಆ ಮಧ್ಯಾಹ್ನ ಇದ್ದಬದ್ದ ಪುಟ್ಟ ಹಾಯಿದೋಣಿಗಳೆಲ್ಲ ಹಿನ್ನೀರಿಗಿಳಿದು, ಒಂದು ಸುತ್ತು ಹೋಗಿ, ಮನೆಯವರು ನಿಂತ ಕಟ್ಟೆಯ ಮುಂದೆ ಹಾದು ಬರುವುದು ಅಲ್ಲಿಯ ರೂಢಿ. ಅಪ್ಪ ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟುಕೊಂಡಿದ್ದವರು. ಕ್ಲಬ್ಬಿನಲ್ಲಿ ಅವರಿಗೆ ‘ಕನ್ನಡಕ’ ಎಂದೇ ಹೆಸರು. ಭಾನುವಾರ ಬಂತೆಂದರೆ ಕೊರಳಿಗೆ ಸೀಟಿ ಹಾಕಿಕೊಂಡು ಕಟ್ಟೆಯ ಮೇಲೆ ನಿಂತು, ನೀರಿಗೆ ಹೋದವರೆಲ್ಲ ಬಂದರೇ ಎಂದು ತಲೆ ಎಣಿಸುವುದು ಅವರ ಕೆಲಸ. ಇವತ್ತು ಆ ಸೀಟಿ ಮಗಳ ಕೊರಳಲ್ಲಿತ್ತು.

ಅಪ್ಪನ ದೋಣಿಯನ್ನು ನೀರಿಗೆ ತಳ್ಳುತ್ತಿದ್ದ ಡ್ರಾಯಿಂಗ್ ಮೇಷ್ಟ್ರು, ಅಪ್ಪನ ಹಳೆಯ ಗೆಳೆಯರು, ತಿರುಗಿ ನೋಡಿದರು.

“ಸರಿಯಾಗಿ ಎಣಿಸಮ್ಮ. ನಿಮ್ಮಪ್ಪ ನನ್ನ ಹೊಟ್ಟೆ ನೋಡಿ ಇಬ್ಬರು ಅಂತ ಲೆಕ್ಕ ಹಾಕೋನು,” ಎಂದು ನಗಲು ಹೋಗಿ ಅತ್ತುಬಿಟ್ಟರು.

“ಯಾರವರು, ಕಂದು ಕೋಟು?” ಮಗಳು ಕೇಳಿದಳು.

ಎಂಜಿನಕ್ಕ ಕ್ಲಬ್ಬಿನ ಮೋಟಾರು ದೋಣಿ ನಡೆಸುವವಳು. ಯಾರಾದರೂ ಮುಳುಗುವ ಹಾಗಾದರೆ ಎತ್ತಿಕೊಂಡು ಬರಲು ಇರುವುದು ಅದೊಂದೇ ದೋಣಿ. ತಲೆ ಪೂರಾ ಬೆಳ್ಳಗಾದರೂ ಆ ಕೆಲಸ ಬಿಟ್ಟಿರಲಿಲ್ಲ.

“ನೀರಿನಲ್ಲಿ ಹೋದ ಹುಡುಗನ ಅಣ್ಣ,” ಎಂದಳು.

ಆ ಹುಡುಗನ ಕತೆ ಮಗಳಿಗೆ ಗೊತ್ತಿಲ್ಲದ್ದೇನಲ್ಲ. ಅವಳು ಹುಟ್ಟುವ ಮೊದಲಿನದು, ಆದರೂ ಅದರ ಜೊತೆಯಲ್ಲೇ ಬೆಳೆದಿದ್ದಳು. ಅವತ್ತು ಕಟ್ಟೆಯ ಮೇಲಿದ್ದ ಅಪ್ಪ ಹಾಯಿಗಳನ್ನು ಎಣಿಸಿ ಸುಮ್ಮನಾದರು, ತಲೆ ಎಣಿಸಲಿಲ್ಲ, ಆ ಹುಡುಗನ ಕಡೆ ನೋಡಲೇ ಇಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಕನ್ನಡಕ ಮಾರೋನಿಗೇ ಕಣ್ಣು ಕಾಣಲ್ಲ ಎಂದು ಶಾಲೆಯಲ್ಲಿ ಅವಳನ್ನು ಆಡಿಕೊಳ್ಳುತ್ತಿದ್ದರು. ಅದಾದ ಮೇಲೆ ಅಪ್ಪ ಎಲ್ಲೆಲ್ಲೂ ತಲೆ ಎಣಿಸುತ್ತಿದ್ದರು. ಮನೆಯಲ್ಲಿದ್ದವರು ಮೂರೇ ಜನ. ಊಟಕ್ಕೆ ಕೂತಾಗ ಅಷ್ಟನ್ನೂ ಎಣಿಸಿ, ಎಣಿಸಿದ ಮೇಲೂ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು. ಅಮ್ಮ ಬದುಕಿದ್ದಷ್ಟು ದಿನವೂ ತುತ್ತು ಬಿಟ್ಟು ಎದ್ದು ಹೋಗಿ ಬಾಗಿಲು ಹಾಕಿ ಬರುತ್ತಿದ್ದಳು. ಮಗಳಿಗೆ ಅಪ್ಪನ ಮೇಲೆ ಪ್ರೀತಿಗಿಂತ ಸಿಟ್ಟೇ ಹೆಚ್ಚಾಗಿತ್ತು.

“ನಿಮ್ಮಪ್ಪ ನೋಡಿದ್ರು ಕಣೆ,” ಎಂಜಿನಕ್ಕ ದನಿ ತಗ್ಗಿಸಿದಳು. “ಇನ್ನು ಅವರಿಲ್ಲ, ನಾನೂ ಎಷ್ಟು ದಿನವೋ. ನಿನಗಾದ್ರೂ ಗೊತ್ತಿರಲಿ.”

*

ಗಾಳಿ ಎದ್ದ ದಿನ. ಕ್ಲಬ್ಬಿನ ಸದಸ್ಯನಾಗಿದ್ದವನು ತಮ್ಮ. ಅಣ್ಣ ರಜೆಗೆ ಬಂದವನು, ದೋಣಿಯಲ್ಲಿ ಕೂತದ್ದೇ ಅವತ್ತು ಮೊದಲು. ಆಗೆಲ್ಲ ಲೈಫ್ ಜಾಕೆಟ್ ಹಾಕಿಕೊಂಡವರನ್ನು ಪುಕ್ಕಲರೆಂದು ಗೇಲಿ ಮಾಡುತ್ತಿದ್ದರು. ದೂರದ ತಿರುವಿನಲ್ಲಿ ಹಾಯಿ ಒಮ್ಮೆಲೇ ಆ ಬದಿಯಿಂದ ಈ ಬದಿಗೆ ಹೊಡೆದು, ಅದರ ಅಡ್ಡಕೋಲು ತಮ್ಮನ ತಲೆಗೆ ಬಡಿಯಿತು. ಅವನು ನೀರಿಗೆ ಬಿದ್ದ. ದೋಣಿ ತಿರುಗಿಸಲು ಅಣ್ಣನಿಗೆ ಬರುತ್ತಿರಲಿಲ್ಲ, ಗಾಳಿ ಅದನ್ನು ದಡದ ಕಡೆ ಎಳೆದುಕೊಂಡು ಹೊರಟಿತು. ಅವನು ಮಂಡಿಯೂರಿ ಎದ್ದು ಬಲಗೈಯನ್ನು ನೇರಕ್ಕೆ ಎತ್ತಿ ಹಿಡಿದ. ಕಷ್ಟದಲ್ಲಿ ಮನುಷ್ಯ ಇನ್ನೇನು ಮಾಡುತ್ತಾನೆ.

ಆದರೆ ಆ ಕ್ಲಬ್ಬಿನಲ್ಲಿ ಎತ್ತಿದ ಕೈಗೆ ಬೇರೆಯದೇ ಅರ್ಥವಿತ್ತು. ನೀರಿನ ಮೇಲೆ ಕೂಗಿದ್ದು ಕೇಳಿಸುವುದಿಲ್ಲವೆಂದು ಹಳಬರು ಮಾಡಿಕೊಂಡ ಸನ್ನೆ ಅದು: ನಾವು ಕ್ಷೇಮ, ನಮ್ಮ ಗೊಡವೆ ಬೇಡ, ಬೇರೆಯವರನ್ನು ನೋಡಿ. ಎಲ್ಲರಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ, ಅತಿಥಿಯಾಗಿ ಬಂದವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಟ್ಟೆಯ ಮೇಲಿದ್ದ ಕನ್ನಡಕ ಆ ಕೈ ನೋಡಿದರು. ಇನ್ನೊಬ್ಬ ಹಾಯಿಯ ಮರೆಯಲ್ಲಿರಬೇಕು ಎಂದುಕೊಂಡರು. ಉದ್ದಕ್ಕೆ ಒಂದು ಸೀಟಿ ಊದಿದರು. ಹಾಗೆ ಊದಿದರೆ ಮೋಟಾರು ದೋಣಿ ವಾಪಸು ಬರಬೇಕು. ಅಷ್ಟು ಹೊತ್ತಿಗೆ ಆ ತಿರುವಿನ ದಾರಿಯಲ್ಲೇ ಇದ್ದ ಎಂಜಿನಕ್ಕ, ಆ ಕೈಯನ್ನು ತಾನೂ ಕಂಡು, ದೋಣಿ ತಿರುಗಿಸಿದಳು.

ವಿಚಾರಣೆಯಲ್ಲಿ ಅಣ್ಣ, “ನಾನು ಕರೆದೆ,” ಎಂದ. ಹೇಗೆ ಕರೆದೆ ಎಂದು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಕನ್ನಡಕ ಎದ್ದು ನಿಂತು, “ನಾನು ಆ ಕಡೆ ನೋಡಲೇ ಇಲ್ಲ,” ಎಂದುಬಿಟ್ಟಿದ್ದರು. ಎಂಜಿನಕ್ಕ ಬಾಯಿ ತೆರೆಯಲು ಹೋದಾಗ ಅವಳ ಕಾಲು ಮೆಟ್ಟಿದರು.

“ಸನ್ನೆ ವಿಷಯ ಹೇಳಿದ್ರೆ ತನ್ನ ಕೈಯೇ ನಿನ್ನನ್ನ ವಾಪಸ್ ಕಳಿಸ್ತು ಅಂತ ಅವನಿಗೆ ಗೊತ್ತಾಗುತ್ತೆ,” ಎಂದು ಹೊರಗೆ ಬಂದ ಮೇಲೆ ಹೇಳಿದರು. “ಆಮೇಲೆ ಅವನು ಬದುಕ್ತಾನಾ?”

ಬೆನ್ನುಬಿದ್ದು ಆ ಸನ್ನೆಯನ್ನೇ ತೆಗೆಸಿದರು. ಈಗ ಕ್ಷೇಮವಾಗಿದ್ದವರು ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಮನೆಮಠ ಕಳಕೊಂಡವರ ಹಾಗೆ ಬರ್ತೀರಲ್ಲ ಎಂದು ಬೇರೆ ಕ್ಲಬ್ಬಿನವರು ಇವತ್ತಿಗೂ ನಗುತ್ತಾರೆ.

*

ಮಗಳಿಗೆ ಶಾಲೆಯ ಆಟದ ಬಯಲು ನೆನಪಾಯಿತು. ಬೇಲಿಯಾಚೆ ನಿಂತ ಅಪ್ಪನನ್ನು ಕಂಡು ಅವಳು ಖುಷಿಯಿಂದ ಕೈ ಎತ್ತಿದ್ದಳು. ಅಪ್ಪ ಬೇಲಿ ಹಾರಿ, ಅಂಗಿ ಹರಿದುಕೊಂಡು, ಓಟದ ಹುಡುಗಿಯರ ನಡುವೆಯೇ ಓಡಿಬಂದು ಅವಳ ಎರಡೂ ಭುಜ ಹಿಡಿದು, ಏನಾಯ್ತು, ಏನಾಯ್ತು ಎಂದು ಕೇಳಿದರು. ಗೆಳತಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಅವಳು ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಕಂದು ಕೋಟಿನವರು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಚಹಾ ಮುಟ್ಟಲಿಲ್ಲ.

“ನಿಮ್ಮ ತಂದೆ ಅಂಗಡಿ ಬಂದಾಗೆಲ್ಲ ರಸ್ತೆ ದಾಟಿ ಆ ಕಡೆಯಿಂದ ಹೋಗ್ತಿದ್ದೆ. ಇವತ್ತು ಬೈಯೋಕೆ ಬಂದಿಲ್ಲಮ್ಮ.”

“ಗೊತ್ತು.”

“ಒಂದು ಮಾತು ಕೇಳಬೇಕಿತ್ತು. ಅವತ್ತು ನಾನು ಕರೆದಿದ್ದು ನಿಜ. ಅದೊಂದನ್ನ ಹಿಡ್ಕೊಂಡೇ ಇಷ್ಟು ವರ್ಷ ತಳ್ಳಿದೀನಿ. ನಮ್ಮಮ್ಮ ಹೋಗೋವಾಗ್ಲೂ ಅದನ್ನೇ ಕೇಳಿದ್ಲು, ಕರೆದ್ಯೇನೋ ಅಂತ. ಕರೆದೆ ಅಮ್ಮ ಅಂದೆ.” ಅವರು ತಮ್ಮ ಬಲಗೈ ನೋಡಿಕೊಂಡರು. “ನಿಮ್ಮ ತಂದೆಗೆ ನಿಜವಾಗ್ಲೂ ಕಾಣಿಸಲಿಲ್ವಾ? ಮನೇಲಿ ಯಾವಾಗಾದ್ರೂ ಏನಾದ್ರೂ ಅಂದಿದ್ರಾ?”

ಒಂದು ಮಾತು ಸಾಕಿತ್ತು. ಊರೆಲ್ಲ ಕುರುಡನೆಂದ ಅಪ್ಪನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು ಎಂದು ಹೇಳಿಬಿಡಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಆ ಮಾತು ನಾಲಿಗೆಯ ತುದಿಗೇ ಬಂದು ನಿಂತಿತು. ಎದುರಿಗೆ ಆ ಮುದುಕ ಕಾಯುತ್ತಿದ್ದರು.

“ನೋಡಲಿಲ್ಲ ಅಂತಲೇ ಹೇಳ್ತಿದ್ರು,” ಎಂದಳು. “ತಪ್ಪು ನಂದೇ ಅಂತ.”

“ಹಾಗಾದ್ರೆ ಸರಿ,” ಎಂದು ಅವರು ಉಸಿರು ಬಿಟ್ಟರು. “ಒಂದ್ಸಲ ಆ ಕಟ್ಟೆ ಮೇಲೆ ನಿಲ್ಲಬೇಕು ಅನ್ನಿಸ್ತಿದೆ.”

“ಹೊರಗೆ ಗಾಳಿ ಇದೆ. ಇಲ್ಲೇ ಕಿಟಕಿ ಹತ್ರ ಕೂತಿರಿ.”

“ಗಾಳಿ ಇರ್ಲಿ ಬಿಡಮ್ಮ.” ಆಗಲೇ ಎದ್ದು ನಡೆಯತೊಡಗಿದ್ದರು.

*

ದೋಣಿಗಳು ದೂರದ ತಿರುವು ದಾಟಿ ಒಂದರ ಹಿಂದೊಂದು ಬಂದವು. ಕಟ್ಟೆ ಹತ್ತಿರವಾಗುತ್ತಲೇ ಪ್ರತಿಯೊಬ್ಬರೂ ಕೈಯನ್ನು ತಲೆಯ ಮೇಲಿಟ್ಟುಕೊಂಡರು. ಮಗಳು ತುಟಿಯಲ್ಲೇ ಎಣಿಸುತ್ತಿದ್ದಳು. ಎಂಜಿನಕ್ಕ ಕಟ್ಟೆಯ ಕೆಳಗೆ ಮೋಟಾರು ದೋಣಿಯಲ್ಲಿ ಕಾಯುತ್ತಿದ್ದಳು.

“ಯಾಕೆ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದಾರೆ?” ಕಂದು ಕೋಟಿನವರು ಕೇಳಿದರು.

“ದುಃಖಕ್ಕೆ,” ಎಂದಳು ಮಗಳು.

ಅವರು ತಲೆಯಾಡಿಸಿದರು. ಇನ್ನು ಬರಬೇಕಾದದ್ದು ಅಪ್ಪನ ದೋಣಿಯೊಂದೇ. ಮೇಷ್ಟ್ರು ಒಬ್ಬರೇ ಇದ್ದರು. ಗೆಳೆಯನಿಗೆ ತಮ್ಮ ಕಾಲದ ರೀತಿಯಲ್ಲೇ ವಿದಾಯ ಹೇಳಬೇಕೆನಿಸಿತೋ ಏನೋ, ಅವರು ಮಂಡಿಯೂರಿ ಎದ್ದು ಬಲಗೈಯನ್ನು ನೇರಕ್ಕೆ ಎತ್ತಿ ಹಿಡಿದರು.

ಮಗಳ ಎಣಿಕೆ ಅಲ್ಲಿಗೇ ನಿಂತಿತು. ಪಕ್ಕದಲ್ಲಿದ್ದ ಮುದುಕ ಅವಳ ತೋಳು ಹಿಡಿದುಕೊಂಡರು.

“ಅಲ್ಲಿ ನೋಡಮ್ಮ. ಯಾರೋ ಕರೀತಿದ್ದಾರೆ. ಯಾಕೆ ಯಾರೂ ಹೋಗ್ತಿಲ್ಲ?”

ಹಿಂದೆ ನಿಂತಿದ್ದ ಹಿರಿಯ ಸದಸ್ಯರೊಬ್ಬರು ನಕ್ಕು, “ಅದಾ, ಅದು ನಮ್ಮ ಹಳೇ ಕಾಲದ…” ಎಂದು ಶುರು ಮಾಡಿದರು.

ಮಗಳು ಸೀಟಿಯನ್ನು ಬಾಯಿಗಿಟ್ಟುಕೊಂಡು ಊದಿದಳು. ಉದ್ದಕ್ಕಲ್ಲ, ಬಿಟ್ಟು ಬಿಟ್ಟು, ಜೋರಾಗಿ, ಯಾರೋ ನೀರಿನಲ್ಲಿದ್ದಾರೆ ಓಡು ಎಂದು ಊದುವ ಹಾಗೆ. ಹಿಂದಿನವರ ಮಾತು ಅದರಲ್ಲಿ ಮುಳುಗಿಹೋಯಿತು. ಎಂಜಿನಕ್ಕ ತಲೆಯೆತ್ತಿ ಮೊದಲು ಅವಳನ್ನು, ಆಮೇಲೆ ಅವಳ ತೋಳು ಹಿಡಿದ ಕಂದು ಕೋಟನ್ನು ನೋಡಿದಳು. ಒಂದು ಮಾತೂ ಕೇಳದೆ ಎಂಜಿನ್ ಪೂರ್ತಿ ಏರಿಸಿದಳು. ಮೋಟಾರು ದೋಣಿ ಮೂತಿ ಎತ್ತಿಕೊಂಡು ನೀರನ್ನು ಸೀಳುತ್ತ ಹೊರಟಿತು.

“ಹೋಗ್ತಿದೆ,” ಎಂದರು ಮುದುಕ. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. “ನೋಡಿದ್ರು. ಹೋಗ್ತಿದೆ.”

ಮಗಳು ಉಸಿರು ಎಳೆದುಕೊಂಡು ಮತ್ತೆ ಊದಿದಳು. ಆಚೆ ಮೇಷ್ಟ್ರು, ತಮ್ಮತ್ತಲೇ ನುಗ್ಗಿ ಬರುತ್ತಿದ್ದ ದೋಣಿಯನ್ನು ಕಂಡು ಕಕ್ಕಾಬಿಕ್ಕಿಯಾಗಿ, ತಮಗೇನೂ ಆಗಿಲ್ಲವೆಂದು ತಿಳಿಸಲು ಕೈಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು.